ಹತ್ತನೇ ತಾರೀಕಿನ ತನಕ ಫೋನ್ ಇಲ್ಲ

ಶಾರ್ಲೆಟ್, ನಾರ್ತ್ ಕೆರೊಲಿನಾ

ಪ್ರೀತಿಯ ಅಮ್ಮನಿಗೆ,

ತಿಂಗಳ ಶುರುವಿನಲ್ಲಿ ಫೋನ್ ಮಾಡುವುದಿಲ್ಲ ಅಂತ ನಿನಗೆ ಸಿಟ್ಟು, ಗೊತ್ತು. 10ನೇ ತಾರೀಕಿನೊಳಗೆ ಲೆಕ್ಕ ಕಳಿಸಲೇಬೇಕು, ಅದಕ್ಕೆ. ನಮ್ಮದು ಆನ್‌ಲೈನ್‌ನಲ್ಲಿ ವೇಪ್ ಮಾರುವ ಸಣ್ಣ ಅಂಗಡಿ. ವೇಪ್ ಅಂದರೆ ಬ್ಯಾಟರಿ ಸಿಗರೇಟು. ನೀನು ಬೀಡಿ ಕಟ್ಟಿ ಓದಿಸಿದ ಮಗ ಇಲ್ಲಿ ಕೂತು ಇದರ ಲೆಕ್ಕ ಬರೆಯುತ್ತಿದ್ದಾನೆ ಅಂತ ಅಪ್ಪ ನಗಬಹುದು, ನಗಲಿ.

ಸಿಗರೇಟಿಗೆ ಇದ್ದ ಪ್ಯಾಕ್ಟ್ ಆಕ್ಟ್ ಅನ್ನುವ ಕಾನೂನನ್ನು 2020ರ ಡಿಸೆಂಬರ್‌ನಲ್ಲಿ ವೇಪ್‌ಗೂ ಹಾಕಿದರು. ಯಾವ ರಾಜ್ಯಕ್ಕೆ ಮಾಲು ಹೋಯಿತೋ ಆ ರಾಜ್ಯದ ತೆರಿಗೆಯವರಿಗೆ ಯಾರಿಗೆ, ಯಾವ ವಿಳಾಸಕ್ಕೆ, ಯಾವ ಬ್ರಾಂಡು, ಎಷ್ಟು ಅಂತ ಪ್ರತಿ ತಿಂಗಳು ಒಂದೊಂದನ್ನೂ ಬರೆದು ಕೊಡಬೇಕು. ವೇಪಿನ ರಸ ತುಂಬುವ ಗಾಜಿನ ಟ್ಯಾಂಕ್ ಖಾಲಿಯಾಗಿ ಕಳಿಸಿದರೂ ಬಿಡುವುದಿಲ್ಲ, ಅದರಲ್ಲಿ ಒಂದು ಹನಿ ನಿಕೋಟಿನ್ ಇಲ್ಲದಿದ್ದರೂ!

2021ರ ಕಥೆಯನ್ನು ಯಜಮಾನರು ಈಗಲೂ ಹೇಳುತ್ತಿರುತ್ತಾರೆ. ಮಾರ್ಚ್‌ನಲ್ಲಿ ಫೆಡೆಕ್ಸ್ ಅನ್ನುವ ದೊಡ್ಡ ಕೊರಿಯರ್ ಕಂಪನಿ ವೇಪ್ ಒಯ್ಯಲು ಒಲ್ಲೆ ಅಂದಿತು, ಏಪ್ರಿಲ್‌ನಲ್ಲಿ ಯುಪಿಎಸ್ ಅನ್ನುವ ಇನ್ನೊಂದು ಕಂಪನಿ, ಅಕ್ಟೋಬರ್‌ನಲ್ಲಿ ಸರ್ಕಾರಿ ಅಂಚೆಯೂ ಬಾಗಿಲು ಹಾಕಿತು. ಈಗ ಸಣ್ಣ ಸಣ್ಣ ಕೊರಿಯರ್‌ಗಳೇ ಗತಿ, ಒಬ್ಬೊಬ್ಬರು ಕೆಲವೇ ರಾಜ್ಯಗಳಿಗೆ ಹೋಗುತ್ತಾರೆ, ನಮ್ಮೂರ ಬಸ್ಸಿನ ಹಾಗೆ. ಬಾಗಿಲಲ್ಲಿ ಸುಮ್ನೆ ಇಟ್ಟು ಬರುವ ಹಾಗಿಲ್ಲ. 21 ವರ್ಷ ಆದವರು ಗುರುತಿನ ಚೀಟಿ ತೋರಿಸಿ ಸಹಿ ಹಾಕಬೇಕು. ಹಗಲು ಯಾರು ಮನೆಯಲ್ಲಿರುತ್ತಾರೆ ಹೇಳು? ಪಾರ್ಸೆಲ್ ವಾಪಸ್, ಬಾಡಿಗೆ ನಮ್ಮ ತಲೆಗೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ನಿನ್ನ ಬೀಡಿ ಸರಿಯಿಲ್ಲ ಅಂತ ತೆಗೆದುಹಾಕಿದರೆ ನಷ್ಟ ನಿನ್ನದೇ ಆಗುತ್ತಿತ್ತಲ್ಲ, ಥೇಟ್ ಹಾಗೆ.

ತೆರಿಗೆಯಂತೂ ಕೇಳಬೇಡ. ವೇಪಿನ ರಸದ 60 ಮಿಲೀ ಬಾಟಲಿ, ಸಗಟು ಬೆಲೆ 10 ಡಾಲರ್ ಅಂತ ಇಟ್ಟುಕೋ. ನಮ್ಮ ರಾಜ್ಯದಲ್ಲಿ ಮಿಲೀಗೆ 5 ಸೆಂಟ್, ಅಂದರೆ 3 ಡಾಲರ್. ಪೆನ್ಸಿಲ್ವೇನಿಯಾದಲ್ಲಿ ಸಗಟು ಬೆಲೆಯ ಮೇಲೆ ಶೇ. 40, ಅಲ್ಲಿಗೆ 4. ಮಿನೆಸೋಟಾದಲ್ಲಿ ಶೇ. 95! ಬಾಟಲಿ ಅದೇ, ರಸ ಅದೇ. ಕೆಲವು ರಾಜ್ಯಗಳಿಗೆ ನಾವು ಕಳಿಸುವುದನ್ನೇ ಬಿಟ್ಟಿದ್ದೇವೆ, ಬರುವ ನಾಲ್ಕು ಆರ್ಡರ್‌ಗೆ ಲೈಸೆನ್ಸು, ಫಾರಂ ಅಂತ ಓಡಾಡುವ ಖರ್ಚೇ ಜಾಸ್ತಿ. ಮಕ್ಕಳ ಕೈಗೆ ಸಿಗಬಾರದು ಅಂತ ಈ ಕಾನೂನು ಮಾಡಿದ್ದು, ಅದನ್ನು ತಪ್ಪು ಅನ್ನಲಾರೆ. ಆದರೆ ದೊಡ್ಡ ಅಂಗಡಿಗಳಲ್ಲಿ ಇದಕ್ಕೆಂದೇ ವಕೀಲರಿದ್ದಾರೆ, ಇಲ್ಲಿ ನಾನೊಬ್ಬ.

ಇನ್ನೊಂದು ವಿಷಯ. ಬರುವಾಗ ಒಂದು ವೇಪ್ ತಾ ಅಂತ ತಮ್ಮ ವಾಟ್ಸಾಪ್ ಮಾಡಿದ್ದಾನೆ, ನಿನಗೆ ಹೇಳಿರಲಿಕ್ಕಿಲ್ಲ. ತರುವುದಿಲ್ಲ ಅಂತ ಹೇಳು. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಮಾಡಿದ್ದರು, 2019ರಲ್ಲಿ ದೇಶಕ್ಕೆಲ್ಲ ಆಯಿತು. ತಂದರೂ ಮಾರಿದರೂ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗಬಹುದು. ಚಾಕಲೇಟ್ ಬೇಕಾದರೆ ಎಷ್ಟು ಬೇಕಾದರೂ ತರುತ್ತೇನೆ.

11ಕ್ಕೆ ಫೋನ್ ಮಾಡುತ್ತೇನೆ. ಸಂಜೆ ಮಲಗಿಬಿಡಬೇಡ.

ನಿನ್ನ ಮಗ