50 ರೂಪಾಯಿ ದಂಡಕ್ಕೆ ಯಾರು ಹೆದರುತ್ತಾರೆ?

ಮಾನ್ಯ ಸಂಪಾದಕರೇ,

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಕಡೆಯ ರಸ್ತೆಗಳಲ್ಲಿ ಎತ್ತಿನ ಗಾಡಿಗಳ ಸಾಲು ನೋಡಿದ್ದೀರಲ್ವಾ? ಏರು ಬಂದ ಕಡೆ ಎತ್ತು ಮಂಡಿಯೂರುತ್ತದೆ. ಬಾಯಲ್ಲಿ ನೊರೆ, ನೊಗ ಉಜ್ಜಿ ಹೆಗಲ ಮೇಲೆ ಹಸಿ ಹುಣ್ಣು. ಆದರೂ ಚಾವಟಿ ನಿಲ್ಲುವುದಿಲ್ಲ. ದಿನಕ್ಕೆ 9 ಗಂಟೆಗಿಂತ ಜಾಸ್ತಿ ದುಡಿಸಬಾರದು ಅಂತ 1965ರ ನಿಯಮವೇ ಇದೆ. ಹೀಗೆ ಹಿಂಸಿಸಿದರೆ ಆಗುವುದೇನು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹಿಂಸೆಗೆ ಮೊದಲ ಸಲ ದಂಡ 10ರಿಂದ 50 ರೂಪಾಯಿ. ಒಂದು ಊಟಕ್ಕೂ ಸಾಲದ ದುಡ್ಡು.

ಗಾಡಿ ಹೊಡೆಯುವ ಬಡವರ ಮೇಲೆ ನನಗೆ ಸಿಟ್ಟಿಲ್ಲ, ಟನ್ ಲೆಕ್ಕದ ಬಾಡಿಗೆ ಅವರನ್ನೂ ಹಿಂಡುತ್ತದೆ. ಸಿಟ್ಟಿರುವುದು ಈ ಹಳೇ ಕಾಯ್ದೆಯ ಮೇಲೆ.

ದೇಶದ ಪ್ರಾಣಿ ರಕ್ಷಣಾ ಸಂಸ್ಥೆಗಳ ಒಕ್ಕೂಟ ಫಿಯಾಪೊ ಬೇರೆ ಸಂಸ್ಥೆಗಳ ಜೊತೆ ಸೇರಿ ‘ನೋ ಮೋರ್ 50’ ಅಂತ ಅಭಿಯಾನವನ್ನೇ ನಡೆಸಿತು. ಊರೂರಿನ ಸಣ್ಣ ಸಂಘಗಳು ಗಾಯಗೊಂಡ ನಾಯಿ, ದನಗಳಿಗೆ ಔಷಧಿ ಹಾಕುವುದರಲ್ಲೇ ಹೈರಾಣಾಗಿರುತ್ತವೆ. ದೆಹಲಿಗೆ ಹೋಗಿ ಕಾಯ್ದೆ ಬದಲಿಸಿ ಅಂತ ಕೇಳಲು ಅವರಿಗೆ ಪುರುಸೊತ್ತೆಲ್ಲಿ? ಅದಕ್ಕೇ ಇಂಥ ಒಕ್ಕೂಟ ಬೇಕು.

2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತ್ತು. ಘೋರ ಹಿಂಸೆಗೆ ಜೈಲು, ಸಾವಿರಗಟ್ಟಲೆ ದಂಡ ಅದರಲ್ಲಿತ್ತು. ಆ ಕರಡು ಏನಾಯಿತು ಅಂತ ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಗಟ್ಟಿಯಾಗಿ ಕೇಳಲಿ. ಪಕ್ಷ ಯಾವುದಾದರೂ ಸರಿ.

– ಒಬ್ಬ ಓದುಗ, ಮಂಡ್ಯ