ಆಟದ ವಿಡಿಯೋ ಬೇಕಾದವರಿಗೆ
ಎಲ್ಲರಿಗೂ ನಮಸ್ಕಾರ. ಕುಂಜಿಬೆಟ್ಟಿನ ಯಕ್ಷಗಾನದ ಪೂರ್ತಿ ವಿಡಿಯೋ 9 ಜಿಬಿ ಇದೆ. ಡೌನ್‌ಲೋಡ್‌ಗೆ ಎಷ್ಟು ಹೊತ್ತು ಅಂತ ತುಂಬ ಜನ ಕೇಳುತ್ತಿದ್ದೀರಿ. ನಿಮ್ಮ ಇಂಟರ್ನೆಟ್ ಪ್ಲಾನಿನ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್, ಫೈಲಿನ ಲೆಕ್ಕ ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್ ಅಲ್ವಾ, ಹಾಗಾಗಿ 8ರಿಂದ ಭಾಗಿಸಿ: ಸೆಕೆಂಡಿಗೆ 12.5 ಎಂಬಿ. 9,000 ಎಂಬಿಗೆ 720 ಸೆಕೆಂಡ್, ಅಂದರೆ 12 ನಿಮಿಷ. ವೈಫೈ ದೂರವಿದ್ದರೆ ಇನ್ನೂ ಜಾಸ್ತಿ. ದಯವಿಟ್ಟು ಸುಮ್ನೆ ಮಧ್ಯದಲ್ಲಿ ನಿಲ್ಲಿಸಬೇಡಿ.

ಪೆನ್‌ಡ್ರೈವ್ ತರುವವರೇ, 64 ಜಿಬಿಯದ್ದು ವಿಂಡೋಸ್‌ನಲ್ಲಿ ಸುಮಾರು 59.6 ಅಂತ ಕಾಣುತ್ತದೆ. ಮೋಸ ಅಲ್ಲ. ತಯಾರಕರದ್ದು 1,000ದ ಲೆಕ್ಕ, ವಿಂಡೋಸ್‌ನದ್ದು 1,024ರದ್ದು. ಆದರೆ ಪೆನ್‌ಡ್ರೈವ್ ಫ್ಯಾಟ್32 (ಫೈಲ್ ಜೋಡಿಸಿಡುವ ಒಂದು ಹಳೆಯ ವಿಧಾನ) ಫಾರ್ಮ್ಯಾಟಿನಲ್ಲಿ ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದೇ ಇಲ್ಲ. ದೊಡ್ಡ ಫೈಲನ್ನೂ ಹಿಡಿಯುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ತನ್ನಿ, ಒಳಗಿರುವುದನ್ನು ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ.