ಅರಿವಿಗೆ ಅಡಿಪಾಯ ಬೇಕೇ?

ಮಾನ್ಯ ಸಂಪಾದಕರೇ,

ವೈಚಾರಿಕ ಬರಹಗಳಲ್ಲಿ ‘ತಳಹದಿ’, ‘ಚೌಕಟ್ಟು’, ‘ಆಧಾರಸ್ತಂಭ’ ಎಂಬ ಪದಗಳು ಎಷ್ಟು ಸವೆದುಹೋಗಿವೆಯೆಂದರೆ, ಅವು ಕಟ್ಟಡದಿಂದ ಎರವಲು ಬಂದ ರೂಪಕಗಳೆಂಬುದೇ ನಮಗೆ ಮರೆತಿದೆ. 1637ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್, ಹಳೆಯ ನಂಬಿಕೆಗಳನ್ನು ತೊರೆಯುವುದನ್ನು ಮನೆಯೊಂದನ್ನು ಕೆಡವಿ ಮತ್ತೆ ಕಟ್ಟುವುದಕ್ಕೆ ಹೋಲಿಸಿದ; ಹೊಸ ಮನೆ ಏಳುವವರೆಗೆ ತಂಗಲು ಬೇರೊಂದು ಆಸರೆ ಬೇಕೆಂದು ತಾತ್ಕಾಲಿಕ ನೀತಿಯೊಂದನ್ನೂ ರೂಪಿಸಿಕೊಂಡ. (ಈ ಎಚ್ಚರವನ್ನು ನಾವು ಗಮನಿಸುವುದು ಕಡಿಮೆ.) ಆಕಾಶ ಮುಟ್ಟುವ ಗೋಪುರವನ್ನು ಬಯಸಿದರೂ ನಮ್ಮಲ್ಲಿರುವ ಸಾಮಗ್ರಿ ವಾಸದ ಮನೆಯೊಂದಕ್ಕಷ್ಟೇ ಸಾಲುತ್ತದೆ ಎಂಬರ್ಥದ ಮಾತನ್ನು 1781ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಬರೆದ. ತತ್ತ್ವಶಾಸ್ತ್ರದಲ್ಲಿ ಇದಕ್ಕಿಂತ ವಿನಯದ ರೂಪಕವನ್ನು ನಾನು ಕಂಡಿಲ್ಲ.

ಆದರೆ ಅರಿವಿಗೆ ಒಂದೇ ಅಚಲ ಅಡಿಪಾಯ ಇರಲೇಬೇಕೆಂಬ ಊಹೆಯನ್ನು ನಮ್ಮೊಳಗೆ ಬಿತ್ತುವುದೂ ಈ ರೂಪಕವೇ. ಆಸ್ಟ್ರಿಯಾದ ತತ್ತ್ವಜ್ಞಾನಿ ಆಟೋ ನ್ಯೂರಾತ್ ಅದನ್ನು ಕೈಬಿಟ್ಟು, ಅರಿವಿಗೆ ಹೋಲಿಕೆಯಾಗಿ ನಡುಗಡಲಲ್ಲೇ ತಮ್ಮ ಹಡಗನ್ನು ದುರಸ್ತಿ ಮಾಡಿಕೊಳ್ಳಬೇಕಾದ ನಾವಿಕರನ್ನು ಮುಂದಿಟ್ಟ. ಅದಕ್ಕೂ ಬಹಳ ಹಿಂದೆ, 12ನೇ ಶತಮಾನದಲ್ಲಿ, ಬಸವಣ್ಣನವರು ದೇಹವನ್ನೇ ದೇಗುಲವಾಗಿಸಿ, ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲ ಎಂದಾಗ, ಕಟ್ಟಡದ ರೂಪಕವನ್ನು ಅದರ ಒಳಗಿನಿಂದಲೇ ಸಡಿಲಿಸಿದ್ದರು. ಕೃತಿಯ ‘ರಚನೆ’ಯನ್ನು ಚರ್ಚಿಸುವ ವಿಮರ್ಶಕರು ಕಂಬ, ತೊಲೆಗಳನ್ನು ಎಣಿಸುವ ಮೊದಲು, ಆ ಕೃತಿ ನಿಜಕ್ಕೂ ಕಟ್ಟಡದಂತಿದೆಯೇ ಎಂದು ಕೇಳಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ